ಕಣ್ಣಾರೆ ಕಂಡದ್ದನ್ನು ಸಾಕ್ಷಿ ಹೇಳುವುದು ಹೇಗೆ, ಬೇರೆಯವರ ಸಾಕ್ಷಿ ಕೇಳುವುದು ಹೇಗೆ

ಕಳೆದ ವರ್ಷ ನಮ್ಮ ಬಡಾವಣೆಯ ಬೇಕರಿ ಎದುರು ಸಂಜೆ ಏಳರ ಹೊತ್ತಿಗೆ ಅಜ್ಜಿಯೊಬ್ಬರ ಸರ ಕಿತ್ತುಕೊಂಡು ಹೋದರು. ಬೈಕಿನಲ್ಲಿ ಇಬ್ಬರು ಬಂದಿದ್ದರು. ನಾನು ಒಂದು ಕೈಲಿ ಟೀ ಲೋಟ, ಇನ್ನೊಂದು ಕೈಲಿ ದಿಲ್‌ಪಸಂದ್ ಹಿಡಿದು ಹತ್ತು ಹನ್ನೆರಡು ಅಡಿ ದೂರದಲ್ಲೇ ನಿಂತಿದ್ದೆ. ಪೊಲೀಸರು ಬರುವ ಹೊತ್ತಿಗೆ ನಾವು ನಾಲ್ಕೈದು ಜನ ಒಂದೇ ಮಾತು ಹೇಳುತ್ತಿದ್ದೆವು: ಕಪ್ಪು ಪಲ್ಸರ್, ಹಿಂದೆ ಕೂತವನದು ಕೆಂಪು ಟೀಶರ್ಟ್. ಆಮೇಲೆ ಬೇಕರಿಯವರ ಸಿಸಿಟಿವಿ ನೋಡಿದರೆ ಬೈಕು ಕಡುನೀಲಿ, ಪಲ್ಸರೇ ಅಲ್ಲ. ಕೆಂಪು ಟೀಶರ್ಟ್ ಇದ್ದದ್ದೇನೋ ನಿಜ, ಆದರೆ ಅದನ್ನು ಹಾಕಿಕೊಂಡಿದ್ದವನು ಗಾಡಿ ಓಡಿಸುತ್ತಿದ್ದವನು.

ನಮ್ಮಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. "ಪಲ್ಸರ್ ಕಣ್ರೀ, ಪಲ್ಸರ್" ಅಂತ ಮೊದಲು ಕೂಗಿದ್ದು ಪಕ್ಕದ ಮೊಬೈಲ್ ಅಂಗಡಿ ಹುಡುಗ. ಐದೇ ನಿಮಿಷದಲ್ಲಿ ಅವನ ಪಲ್ಸರ್ ನಮ್ಮೆಲ್ಲರ ಕಣ್ಣಿಗೂ ಬಂದು ಕೂತಿತ್ತು. ನನಗಂತೂ ಅದರ ಟ್ಯಾಂಕಿನ ಆಕಾರ ಕೂಡ ನೆನಪಿತ್ತು. ಇಲ್ಲದ ಬೈಕಿನ ಟ್ಯಾಂಕು!

ಅವತ್ತಿನಿಂದ ಈ ವಿಷಯ ತಲೆಗೆ ಹತ್ತಿ ಓದುತ್ತಾ ಹೋದೆ. ಅದರಲ್ಲಿ ಕೆಲಸಕ್ಕೆ ಬರುವುದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಮೊದಲು, ನೀವೇ ಏನನ್ನಾದರೂ ಕಂಡಾಗ ಏನು ಮಾಡಬೇಕು ಅನ್ನುವುದು. ಆಮೇಲೆ, ಇನ್ನೊಬ್ಬರು "ನಾನೇ ನೋಡಿದೆ" ಅಂದಾಗ ಅದನ್ನು ಎಷ್ಟು ನಂಬಬೇಕು ಅನ್ನುವುದು. ಈ ಎರಡನೆಯದು ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಜಾಸ್ತಿ ಬೇಕು, ಯಾಕೆಂದರೆ ಅಲ್ಲಿ ಜ್ಯೂರಿ ಡ್ಯೂಟಿ ಅಂತ, ಅಂದರೆ ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಸಾಮಾನ್ಯ ಜನರ ಗುಂಪಿಗೆ ಸೇರಿ ಅಂತ, ಒಂದು ದಿನ ಮನೆಗೆ ಕಾಗದ ಬರುತ್ತದೆ.

ಮೊದಲು ಬರೆಯಿರಿ, ಆಮೇಲೆ ಮಾತಾಡಿ

ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಘಟನೆ ಆದ ಕೂಡಲೇ, ಯಾರ ಜೊತೆಗೂ ಚರ್ಚೆ ಮಾಡುವ ಮೊದಲು, ಕಂಡದ್ದನ್ನು ಬರೆದಿಡಿ. ಫೋನಿನ ನೋಟ್ಸ್ ಆದರೂ ಸರಿ, ಬೇಕರಿ ಬಿಲ್ಲಿನ ಹಿಂಭಾಗ ಆದರೂ ಸರಿ. ತಾರೀಖು, ಟೈಮು ಹಾಕಿ. ಬರೆಯಲು ಆಗದಿದ್ದರೆ ನಿಮ್ಮದೇ ಫೋನಿನಲ್ಲಿ ವಾಯ್ಸ್ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಗ್ರೂಪಿಗೆ ಕಳಿಸಬೇಡಿ ಮಾತ್ರ.

ಇಷ್ಟು ಅವಸರ ಯಾಕೆ ಅಂದರೆ, ನೆನಪು ಎಲ್ಲರೂ ಕೈ ಹಾಕುವ ಹಿಟ್ಟಿನ ಹಾಗೆ. ಮುಟ್ಟಿದವರ ಬೆರಳಿನ ಗುರುತೆಲ್ಲ ಅದರಲ್ಲಿ ಉಳಿದುಬಿಡುತ್ತದೆ. 2003ರಲ್ಲಿ ಫಿಯೋನಾ ಗ್ಯಾಬರ್ಟ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಬ್ರಿಟನ್ನಿನಲ್ಲಿ ಒಂದು ಪ್ರಯೋಗ ಮಾಡಿದರು. ಇಬ್ಬಿಬ್ಬರಿಗೆ ಒಂದೇ ಘಟನೆಯ ವಿಡಿಯೋ ತೋರಿಸಿದರು, ಆದರೆ ಬೇರೆ ಬೇರೆ ಕೋನದಿಂದ ತೆಗೆದದ್ದು. ಅಂದರೆ ಒಬ್ಬರಿಗೆ ಕಂಡ ಕೆಲವು ಸಂಗತಿ ಇನ್ನೊಬ್ಬರಿಗೆ ಕಾಣುವಂತೆಯೇ ಇರಲಿಲ್ಲ. ಆಮೇಲೆ ಇಬ್ಬರನ್ನೂ ಮಾತಾಡಲು ಬಿಟ್ಟರು. ಹೀಗೆ ಮಾತಾಡಿದವರಲ್ಲಿ 71% ಜನ, ತಾವು ನೋಡಲು ಸಾಧ್ಯವೇ ಇಲ್ಲದಿದ್ದ ಒಂದಾದರೂ ಸಂಗತಿಯನ್ನು ತಾವೇ ನೋಡಿದ್ದಾಗಿ ಹೇಳಿದರು. ನಮ್ಮ ಪಲ್ಸರ್ ಕಥೆ ಇದೇ ಅಲ್ವಾ.

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ನಾವು ಮಾತಾಡುವಾಗ ಗೊತ್ತಿಲ್ಲದೆಯೇ ಮೂರು ಬಗೆ ಮಾಡುತ್ತೇವೆ. "ಅವನು ಕುಡಿದಿದ್ದ" ಅಂದರೆ ನಾನೇ ಕಂಡೆ. "ಕುಡಿದಿರಬೇಕು" ಅಂದರೆ ತೂರಾಡಿದ್ದು ಕಂಡೆ, ಉಳಿದದ್ದು ನನ್ನ ಊಹೆ. "ಕುಡಿದಿದ್ದನಂತೆ" ಅಂದರೆ ಯಾರೋ ಹೇಳಿದರು. ಬರೆಯುವಾಗ ಈ "ಇರಬೇಕು" ಮತ್ತು "ಅಂತೆ"ಯನ್ನು ದಯವಿಟ್ಟು ಬಿಡಬೇಡಿ. ಒಂದೊಂದು ವಾಕ್ಯ ಬರೆದ ಮೇಲೂ, ಇದು ಕಂಡದ್ದಾ, ಇರಬೇಕಾ, ಅಂತೆಯಾ ಅಂತ ಕೇಳಿಕೊಳ್ಳಿ. ಅವತ್ತು ನಾನು ಹೀಗೆ ಕೇಳಿಕೊಂಡಿದ್ದರೆ "ಬೈಕು ಪಲ್ಸರ್ ಅಂತೆ" ಅಂತ ಬರೆಯುತ್ತಿದ್ದೆ, ಪೊಲೀಸರು ಎರಡು ದಿನ ಕಪ್ಪು ಪಲ್ಸರ್ ಹುಡುಕುವುದು ತಪ್ಪುತ್ತಿತ್ತು.

ಏನು ಬರೆಯಬೇಕು

ನೆನಪನ್ನು ಕೆದಕುವುದಕ್ಕೂ ಒಂದು ಕ್ರಮ ಇದೆ. 1980ರ ದಶಕದಲ್ಲಿ ಅಮೆರಿಕದ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸೆಲ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ರೂಪಿಸಿದ್ದು. ಪೊಲೀಸರು ಪ್ರಶ್ನೆ ಕೇಳುವುದಕ್ಕೆ ಅಂತ ಮಾಡಿದ್ದಾದರೂ ಒಬ್ಬರೇ ಕೂತು ಮಾಡಬಹುದು. ಕಣ್ಣು ಮುಚ್ಚಿ ಆ ಜಾಗಕ್ಕೆ ಮನಸ್ಸಿನಲ್ಲೇ ವಾಪಸ್ ಹೋಗಿ. ಬೆಳಕು ಎಲ್ಲಿಂದ ಬರುತ್ತಿತ್ತು, ಯಾವ ವಾಸನೆ ಇತ್ತು, ನಿಮ್ಮ ಕೈಲಿ ಏನಿತ್ತು, ಆಗ ಏನು ಯೋಚಿಸುತ್ತಿದ್ದಿರಿ, ಇವನ್ನೆಲ್ಲ ಮೊದಲು ನೆನಪಿಸಿಕೊಳ್ಳಿ. ಆಮೇಲೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಬರೆಯಿರಿ, ಇದು ಮುಖ್ಯವೋ ಅಲ್ಲವೋ ಅಂತ ನೀವೇ ಸೋಸಬೇಡಿ. ಅದಾದ ಮೇಲೆ ಹಿಂದುಮುಂದಾಗಿ ಒಮ್ಮೆ: ಬೈಕು ಮೂಲೆ ತಿರುಗಿದ್ದು, ಅದಕ್ಕೆ ಮೊದಲು ಅಜ್ಜಿ ಕೂಗಿದ್ದು, ಅದಕ್ಕೂ ಮೊದಲು... ಹೀಗೆ. ನೇರವಾಗಿ ಹೇಳುವಾಗ ನಾವು "ಸಾಮಾನ್ಯವಾಗಿ ಹೀಗೇ ಆಗುತ್ತದೆ" ಅನ್ನುವ ಕಥೆಯನ್ನು ಹೇಳಿಬಿಡುತ್ತೇವೆ. ಹಿಂದಿನಿಂದ ಬಂದರೆ ಆ ಕಥೆಯ ಹಿಡಿತ ಸ್ವಲ್ಪ ಸಡಿಲವಾಗುತ್ತದೆ.

ನೆನಪಾಗದ ಜಾಗ ಖಾಲಿ ಬಿಡಿ. ಖಾಲಿ ಬಿಟ್ಟರೆ ಯಾರೂ ಬೈಯುವುದಿಲ್ಲ. ತುಂಬಿಸಿದರೆ ಮಾತ್ರ ಆಮೇಲೆ ಕಷ್ಟ.

ದೂರವನ್ನು ಅಡಿ ಲೆಕ್ಕದಲ್ಲಿ ಹೇಳಲು ಹೋಗಬೇಡಿ, ನಮ್ಮಲ್ಲಿ ಎಷ್ಟೋ ಜನರಿಗೆ ಅದು ಬರುವುದಿಲ್ಲ. "ಬೇಕರಿ ಬಾಗಿಲಿನಿಂದ ಲೈಟು ಕಂಬದಷ್ಟು" ಅಂತ ಬರೆಯಿರಿ, ಆಮೇಲೆ ಟೇಪು ಹಿಡಿದು ಅಳೆಯಬಹುದು. ಸಮಯವೂ ಹಾಗೆಯೇ. ಗಾಬರಿಯಲ್ಲಿ ಹತ್ತು ಸೆಕೆಂಡಿನ ಘಟನೆ ಒಂದು ನಿಮಿಷ ಆದಂತೆ ಅನಿಸುತ್ತದೆ. ಗಡಿಯಾರ ನೋಡುತ್ತಾ ಮನಸ್ಸಿನಲ್ಲೇ ಇನ್ನೊಮ್ಮೆ ಓಡಿಸಿ ನೋಡಿ, ಆಶ್ಚರ್ಯ ಆಗುತ್ತದೆ.

ಮಚ್ಚು, ಚಾಕು, ಪಿಸ್ತೂಲು ಏನಾದರೂ ಇದ್ದರೆ ಮುಖದ ವಿಷಯದಲ್ಲಿ ಎರಡರಷ್ಟು ಹುಷಾರಾಗಿರಿ. ಕಣ್ಣು ಆಯುಧಕ್ಕೆ ಅಂಟಿಕೊಂಡು ಮುಖವನ್ನು ಬಿಟ್ಟುಬಿಡುತ್ತದೆ. 1987ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜೊತೆಯವರು ನೋಡುವವರ ಕಣ್ಣಿನ ಚಲನೆ ಅಳೆದು ಇದನ್ನು ತೋರಿಸಿದ್ದರು. "ಅಷ್ಟು ಹತ್ತಿರದಿಂದ, ಅಷ್ಟು ಭಯದಲ್ಲಿ ನೋಡಿದ ಮುಖ ಮರೆಯುತ್ತದಾ?" ಅಂತ ಜನ ಕೇಳುತ್ತಾರೆ. ಭಯ ಅಚ್ಚೊತ್ತುತ್ತದೆ ಅನ್ನುವುದು ನಮ್ಮ ನಂಬಿಕೆ. ವಿಪರೀತ ಭಯದಲ್ಲಿ ಮುಖದ ನೆನಪು ಕೆಡುವುದೇ ಜಾಸ್ತಿ. ಅಮೆರಿಕದ ಸೈನಿಕರಿಗೆ ಶತ್ರುಗಳ ಕೈಗೆ ಸಿಕ್ಕಿದರೆ ಹೇಗಿರಬೇಕು ಅಂತ ತರಬೇತಿ ಕೊಡುವ ಶಿಬಿರಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಅರ್ಧ ಗಂಟೆಗೂ ಜಾಸ್ತಿ ಎದುರು ನಿಂತು ಗದರಿಸಿ ವಿಚಾರಣೆ ಮಾಡಿದವನ ಮುಖವನ್ನೇ ಎಷ್ಟೋ ಸೈನಿಕರು ಮಾರನೇ ದಿನ ಗುರುತಿಸಲಿಲ್ಲ, ಬೇರೆ ಯಾರನ್ನೋ ತೋರಿಸಿದರು. 2004ರ ಅಧ್ಯಯನ ಅದು. ಸೈನಿಕರ ಪಾಡೇ ಹಾಗಾದರೆ ಟೀ ಕುಡಿಯುತ್ತಿದ್ದ ನನ್ನಂಥವನ ಗತಿ ಏನು.

ಪ್ರಶ್ನೆಯಲ್ಲೇ ಉತ್ತರ ಇದ್ದರೆ

1974ರಲ್ಲಿ ಲಾಫ್ಟಸ್ ಮತ್ತು ಜಾನ್ ಪಾಮರ್ ಮಾಡಿದ ಪ್ರಯೋಗ ಈ ವಿಷಯದಲ್ಲಿ ಎಲ್ಲರೂ ಹೇಳುವಂಥದ್ದು. ಆದರೂ ಬಿಡಲಾಗುವುದಿಲ್ಲ. ಕಾರು ಅಪಘಾತದ ಫಿಲ್ಮ್ ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ "ಅಪ್ಪಳಿಸಿದಾಗ" ಅನ್ನುವ ಅರ್ಥದ ಪದ, ಕೆಲವರಿಗೆ "ತಾಗಿದಾಗ" ಅನ್ನುವ ಅರ್ಥದ ಪದ. ಮೊದಲಿನವರು ಸರಾಸರಿ ಗಂಟೆಗೆ 40 ಮೈಲಿಗಿಂತ ಸ್ವಲ್ಪ ಹೆಚ್ಚು ಅಂದರು, ಎರಡನೆಯವರು ಸುಮಾರು 32. ಫಿಲ್ಮು ಅದೇ. ಇನ್ನೊಂದು ಸುತ್ತಿನಲ್ಲಿ ಒಂದು ವಾರ ಬಿಟ್ಟು ಕರೆಸಿ "ಗಾಜು ಒಡೆದದ್ದು ಕಂಡಿರಾ" ಅಂತ ಕೇಳಿದರು. "ಅಪ್ಪಳಿಸಿದಾಗ" ಕೇಳಿಸಿಕೊಂಡ 50 ಜನರಲ್ಲಿ 16 ಜನ ಹೌದು ಅಂದರು. "ಗುದ್ದಿದಾಗ" ಅಂತ ಕೇಳಿಸಿಕೊಂಡ 50 ಜನರಲ್ಲಿ 7 ಜನ ಮಾತ್ರ. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ.

ಹಾಗಾಗಿ ಪೊಲೀಸರಾಗಲಿ, ಇನ್ಶೂರೆನ್ಸಿನವರಾಗಲಿ, ಕ್ಯಾಮೆರಾ ಹಿಡಿದು ಬಂದವರಾಗಲಿ "ಆ ಕೆಂಪು ಟೀಶರ್ಟಿನವನ ಕೈಲಿ ಚಾಕು ಇತ್ತಾ?" ಅಂತ ಕೇಳಿದರೆ ಒಂದು ಕ್ಷಣ ತಡೆಯಿರಿ. ಚಾಕು ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಮೊದಲು, ಕೆಂಪು ಟೀಶರ್ಟು ನೀವು ಕಂಡಿದ್ದಾ? "ನಾನು ಕಂಡದ್ದನ್ನು ಮೊದಲು ಪೂರ್ತಿ ಹೇಳಿಬಿಡುತ್ತೇನೆ ಸಾರ್, ಆಮೇಲೆ ಕೇಳಿ" ಅಂದರೆ ತಪ್ಪೇನಿಲ್ಲ. ತಾಳ್ಮೆ ಇರುವ ಅಧಿಕಾರಿಗೆ ಅದೇ ಅನುಕೂಲ.

ಹೇಳಿಕೆ ಕೊಡುವಾಗ

ತನಿಖೆ ಮಾಡುವವರು ಬರೆದುಕೊಳ್ಳುವ ಹೇಳಿಕೆಗೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಕಲಂ ಲೆಕ್ಕದಲ್ಲಿ "161 ಹೇಳಿಕೆ" ಅನ್ನುತ್ತಿದ್ದರು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 180ನೇ ಕಲಂ. ಈ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಕಾನೂನೇ ಬೇಡ ಅನ್ನುತ್ತದೆ. ಮಹಜರು ಬೇರೆ, ಅದಕ್ಕೆ ಪಂಚರ ಸಹಿ ಬೇಕು. ಮಹಿಳೆಯರು, 15 ವರ್ಷದೊಳಗಿನ ಹುಡುಗರು, 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು, ಇವರನ್ನು ಹೇಳಿಕೆಗೆ ಅಂತ ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ, ಅವರಿರುವ ಕಡೆಗೇ ಹೋಗಿ ಕೇಳಬೇಕು. ಇನ್ನು ರಸ್ತೆ ಅಪಘಾತದಲ್ಲಿ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಮಾತ್ರಕ್ಕೆ ನೀವು ಸಾಕ್ಷಿ ಆಗಲೇಬೇಕು ಅಂತಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಈ ಹೆದರಿಕೆಯಲ್ಲೇ ಎಷ್ಟೋ ಜನ ಗಾಡಿ ನಿಲ್ಲಿಸದೆ ಹೋಗುತ್ತಾರೆ, ಅದಕ್ಕೇ ಹೇಳಿದೆ.

ಈಗ ಅಸಲು ವಿಷಯ. ಠಾಣೆಯ ಕನ್ನಡಕ್ಕೆ ಒಂದು ಗುಣ ಇದೆ. ನೀವು "ಕುಡಿದಿದ್ದ ಅನಿಸುತ್ತೆ ಸಾರ್" ಅಂದರೆ ಕಾಗದದಲ್ಲಿ "ಸದರಿ ಆಸಾಮಿಯು ಮದ್ಯಪಾನ ಮಾಡಿದ್ದು ಇರುತ್ತದೆ" ಅಂತ ಬೀಳಬಹುದು. "ಅನಿಸುತ್ತೆ" ಎಲ್ಲಿ ಹೋಯಿತು? ಬರೆದವರ ಕೆಟ್ಟ ಉದ್ದೇಶ ಅಂತ ಅಲ್ಲ, ಆ ಭಾಷೆಯ ಅಚ್ಚೇ ಹಾಗೆ. ಆದರೆ ಎರಡು ಮೂರು ವರ್ಷ ಬಿಟ್ಟು ಕೋರ್ಟಿನಲ್ಲಿ ನೀವು "ಅನಿಸಿತ್ತು ಅಷ್ಟೇ" ಅಂದರೆ ಮಾತು ಬದಲಿಸಿದ ಹಾಗೆ ಕಾಣುತ್ತದೆ. ಅವತ್ತು ಹೇಳದೇ ಇದ್ದದ್ದನ್ನು ಕೋರ್ಟಿನಲ್ಲಿ ಹೊಸದಾಗಿ ಹೇಳಿದರೂ ಕಷ್ಟವೇ. ವಕೀಲರು ಅದಕ್ಕೆ "ಇಂಪ್ರೂವ್‌ಮೆಂಟ್" ಅಂತ ಹೆಸರಿಟ್ಟಿದ್ದಾರೆ, ಹೊಗಳಿಕೆ ಅಂದುಕೊಳ್ಳಬೇಡಿ. ಆದ್ದರಿಂದ ಬರೆದ ಮೇಲೆ ಓದಿ ಹೇಳಿ ಅಂತ ಕೇಳಿ. "ಅಂತೆ", "ಇರಬೇಕು" ಎಲ್ಲ ಅಲ್ಲೇ ಇದೆಯಾ ನೋಡಿಕೊಳ್ಳಿ.

ಗುರುತು ಹಿಡಿಯುವ ಪರೇಡು

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಿರಪರಾಧಿಯ ಜೀವನ ಹಾಳಾಗುವುದು ಹೆಚ್ಚಾಗಿ ಇಲ್ಲೇ.

1984ರ ಜುಲೈ, ಅಮೆರಿಕದ ಉತ್ತರ ಕೆರೊಲಿನಾದ ಬರ್ಲಿಂಗ್ಟನ್ ಊರು. 22 ವರ್ಷದ ಕಾಲೇಜು ಹುಡುಗಿಯೊಬ್ಬಳ ಮೇಲೆ ಅವಳ ಮನೆಗೇ ನುಗ್ಗಿ ಅತ್ಯಾಚಾರ ಆಯಿತು. ಆಕೆ ಗಟ್ಟಿಗಿತ್ತಿ. ಬದುಕುಳಿದರೆ ಇವನನ್ನು ಹಿಡಿಸಿಯೇ ತೀರಬೇಕು ಅಂತ ಆ ಹೊತ್ತಿನಲ್ಲೂ ಅವನ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದ್ದಳು. ಕೆಲವು ದಿನ ಬಿಟ್ಟು ಪೊಲೀಸರು ಆರು ಫೋಟೋ ತೋರಿಸಿದರು. ಕೆಲವು ನಿಮಿಷ ನೋಡಿ ರೊನಾಲ್ಡ್ ಕಾಟನ್ ಅನ್ನುವವನ ಫೋಟೋ ಆರಿಸಿದಳು. ಆಮೇಲೆ ಸಾಲಾಗಿ ಜನರನ್ನು ನಿಲ್ಲಿಸಿ ತೋರಿಸಿದರು. ಫೋಟೋದಲ್ಲೂ ಸಾಲಿನಲ್ಲೂ ಇದ್ದವನು ಕಾಟನ್ ಒಬ್ಬನೇ. ಮತ್ತೆ ಅವನನ್ನೇ ತೋರಿಸಿದಳು. ಫೋಟೋದಲ್ಲಿ ಆರಿಸಿದ್ದೂ ಅವನನ್ನೇ ಅಂತ ಪೊಲೀಸರು ಆಕೆಗೆ ಹೇಳಿದರು. ಆಮೇಲೆ ಆಕೆಗೆ ಒಂದು ಚೂರೂ ಅನುಮಾನ ಉಳಿಯಲಿಲ್ಲ. 1985ರಲ್ಲಿ ಕಾಟನ್‌ಗೆ ಜೀವಾವಧಿ ಶಿಕ್ಷೆ ಆಯಿತು.

ಮುಂದಿನದು ಇನ್ನೂ ವಿಚಿತ್ರ. 1987ರಲ್ಲಿ ಮರುವಿಚಾರಣೆ ನಡೆದಾಗ ನಿಜವಾದ ಅಪರಾಧಿಯನ್ನೇ ತಂದು ಆಕೆಯ ಎದುರು ನಿಲ್ಲಿಸಿದರು. ಇವನನ್ನು ಜೀವಮಾನದಲ್ಲೇ ನೋಡಿಲ್ಲ ಅಂದಳು. ಅಷ್ಟರಲ್ಲಿ ಆಕೆಯ ನೆನಪಿನಲ್ಲಿ ಆ ರಾತ್ರಿಯ ಮುಖದ ಜಾಗದಲ್ಲಿ ಕಾಟನ್ ಮುಖ ಕೂತಾಗಿತ್ತು. 1995ರಲ್ಲಿ ಡಿಎನ್‌ಎ ಪರೀಕ್ಷೆ ಆದ ಮೇಲೆ ಸತ್ಯ ಗೊತ್ತಾಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು ಕಾಟನ್ ಹೊರಗೆ ಬಂದ. ಆಮೇಲೆ ಇಬ್ಬರೂ ಸ್ನೇಹಿತರಾದರು, ಊರೂರಿಗೆ ಜೊತೆಗೆ ಹೋಗಿ ಇದನ್ನೇ ಹೇಳುತ್ತಾ ಬಂದರು. ಇದು ಎಲ್ಲೋ ಒಂದು ಅಪರೂಪದ ಕೇಸೂ ಅಲ್ಲ. 1992ರಲ್ಲಿ ಶುರುವಾದ, ತಪ್ಪಾಗಿ ಶಿಕ್ಷೆ ಆದವರಿಗೆ ನೆರವಾಗುವ ಇನ್ನೊಸೆನ್ಸ್ ಪ್ರಾಜೆಕ್ಟ್ ಅನ್ನುವ ಸಂಸ್ಥೆಯ ಲೆಕ್ಕದ ಪ್ರಕಾರ ಅಮೆರಿಕದಲ್ಲಿ ಡಿಎನ್‌ಎಯಿಂದ ನಿರಪರಾಧಿಗಳು ಅಂತ ಗೊತ್ತಾದ 375 ಕೇಸುಗಳಲ್ಲಿ ಸುಮಾರು 69% ಕಡೆ ಪ್ರತ್ಯಕ್ಷದರ್ಶಿ ತಪ್ಪು ಗುರುತು ಹಿಡಿದಿದ್ದರು.

ಹೀಗೆ ಸಾಲಾಗಿ ನಿಲ್ಲಿಸಿ ಗುರುತು ಹಿಡಿಸುವುದಕ್ಕೆ ನಮ್ಮಲ್ಲಿ ಗುರುತು ಪತ್ತೆ ಪರೇಡ್ ಅನ್ನುತ್ತಾರೆ. ಪೊಲೀಸರು ನಡೆಸುವಂತಿಲ್ಲ, ಮ್ಯಾಜಿಸ್ಟ್ರೇಟ್ ನಡೆಸಬೇಕು, ಎಷ್ಟೋ ಕಡೆ ತಹಶೀಲ್ದಾರರು ನಡೆಸುತ್ತಾರೆ. ಟಿವಿಯಲ್ಲಿ ಆರೋಪಿಗಳನ್ನು ಮುಖಕ್ಕೆ ಬಟ್ಟೆ ಮುಚ್ಚಿ ಕರೆದುಕೊಂಡು ಹೋಗುವುದು ಕಂಡಿರುತ್ತೀರಿ. ಮಾನ ಉಳಿಸಲು ಅಂತ ನಾನೂ ಅಂದುಕೊಂಡಿದ್ದೆ. ಮುಖ್ಯ ಕಾರಣ ಬೇರೆ: ಸಾಕ್ಷಿಗಳು ಪರೇಡಿಗೆ ಮೊದಲೇ ಆ ಮುಖ ನೋಡಬಾರದು.

ನೀವು ಪರೇಡಿಗೆ ಹೋಗಬೇಕಾಗಿ ಬಂದರೆ ಹೀಗೆ ಮಾಡಿ. ಮೊದಲನೆಯದಾಗಿ, ಅದಕ್ಕೆ ಮುಂಚೆ ಯಾರಾದರೂ ವಾಟ್ಸಾಪಿನಲ್ಲಿ "ಇವನೇನಾ ನೋಡಿ" ಅಂತ ಫೋಟೋ ಕಳಿಸಿದರೆ ತೆರೆಯಬೇಡಿ. ಕಣ್ಣಿಗೆ ಬಿದ್ದೇಬಿಟ್ಟಿದ್ದರೆ ಪರೇಡು ನಡೆಸುವವರಿಗೆ ಅದನ್ನು ಹೇಳಿ. ಆ ಸಾಲಿನಲ್ಲಿ ಅಪರಾಧಿ ಇಲ್ಲದೆಯೂ ಇರಬಹುದು ಅಂತ ಮನಸ್ಸಿಗೆ ಗಟ್ಟಿಯಾಗಿ ಹೇಳಿಕೊಂಡು ಒಳಗೆ ಹೋಗಿ. ಗ್ಯಾರಿ ವೆಲ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1984ರಲ್ಲೇ ಇದನ್ನು ಎತ್ತಿ ತೋರಿಸಿದ್ದರು. ಸಾಲಿನ ಮುಂದೆ ನಿಂತ ಜನ "ಇವನೇನಾ?" ಅಂತ ಕೇಳಿಕೊಳ್ಳುವ ಬದಲು "ಇವರಲ್ಲಿ ಯಾರು ಜಾಸ್ತಿ ಹೋಲುತ್ತಾರೆ?" ಅಂತ ಕೇಳಿಕೊಂಡುಬಿಡುತ್ತಾರೆ. ಹೋಲುವವನು ಒಬ್ಬ ಇದ್ದೇ ಇರುತ್ತಾನೆ, ಪಾಪ. ಒಬ್ಬೊಬ್ಬರ ಮುಖವನ್ನೂ ಪಕ್ಕದವನ ಜೊತೆ ಹೋಲಿಸದೆ, ನಿಮ್ಮ ನೆನಪಿನ ಜೊತೆ ಹೋಲಿಸಿ. ಯಾರೂ ಅಲ್ಲ ಅನಿಸಿದರೆ "ಇವರಲ್ಲಿ ಯಾರೂ ಅಲ್ಲ" ಅನ್ನಿ. ಕರೆದುಕೊಂಡು ಬಂದವರಿಗೆ ಬೇಜಾರಾಗಬಹುದು. ಆಗಲಿ ಬಿಡಿ.

ಗುರುತು ಹಿಡಿದರೆ, ಎಷ್ಟು ಖಾತ್ರಿ ಅನ್ನುವುದನ್ನು ಅಲ್ಲೇ, ಆಗಲೇ, ನಿಮ್ಮ ಮಾತಿನಲ್ಲೇ ಹೇಳಿ ಬರೆಸಿ. "ಇವನೇ" ಬೇರೆ, "ಇವನೇ ಇರಬೇಕು" ಬೇರೆ, "ಇವನ ಥರ ಇದ್ದ" ಅನ್ನುವುದು ಇನ್ನೂ ಬೇರೆ. ಈ ಮೊದಲ ಗಳಿಗೆಯ ಖಾತ್ರಿಗೆ ಬೆಲೆ ಇದೆ. ಪರೇಡು ನೆಟ್ಟಗೆ ನಡೆದಿದ್ದರೆ, ಆಗ ತುಂಬಾ ಖಾತ್ರಿ ಇದ್ದವರು ಸರಿಯಾಗಿರುವುದೇ ಹೆಚ್ಚು ಅಂತ ಜಾನ್ ವಿಕ್ಸ್‌ಟೆಡ್ ಮತ್ತು ಇದೇ ವೆಲ್ಸ್ 2017ರಲ್ಲಿ ಬರೆದರು. ಆಮೇಲಿನ ಖಾತ್ರಿಗೆ ಆ ಬೆಲೆ ಇಲ್ಲ. 1998ರ ಪ್ರಯೋಗವೊಂದರಲ್ಲಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಅಪರಾಧಿಯೇ ಇಲ್ಲದ ಫೋಟೋಗಳನ್ನು ತೋರಿಸಿ ಆರಿಸಲು ಹೇಳಿದರು. ಎಲ್ಲರೂ ಯಾರನ್ನೋ ಒಬ್ಬರನ್ನು ಆರಿಸಿದರು, ಅಂದರೆ ಎಲ್ಲರದೂ ತಪ್ಪು. ಕೆಲವರಿಗೆ ಮಾತ್ರ "ಭೇಷ್, ಸರಿಯಾಗಿ ಹಿಡಿದಿರಿ" ಅನ್ನುವ ಥರ ಹೇಳಿ ಕಳಿಸಿದರು. ಆಮೇಲೆ ಕೇಳಿದರೆ ಅವರು, ತಮಗೆ ಆಗಲೇ ಪೂರ್ತಿ ಖಾತ್ರಿ ಇತ್ತು, ಮುಖ ಚೆನ್ನಾಗಿ ಕಂಡಿತ್ತು, ಗಮನ ಕೊಟ್ಟು ನೋಡಿದ್ದೆವು ಅಂತೆಲ್ಲ ಹೇಳಿದರು. ಒಂದು ಶಹಬ್ಬಾಸ್‌ಗಿರಿ ಹಿಂದಕ್ಕೆ ಹೋಗಿ ನೆನಪನ್ನೇ ತಿದ್ದಿಬಿಟ್ಟಿತು. ಹಾಗಾಗಿ ಪರೇಡು ಮುಗಿದ ಮೇಲೆ "ಸರಿಯಾಗಿ ಹೇಳಿದೆನಾ ಸಾರ್?" ಅಂತ ಕೇಳಬೇಡಿ. ಕೇಳಬೇಕು ಅಂತ ತುಂಬಾ ಅನಿಸುತ್ತದೆ, ಗೊತ್ತು.

ಕಟಕಟೆಯಲ್ಲಿ

ಸಮನ್ಸ್ ಬರುವ ಹೊತ್ತಿಗೆ ವರ್ಷಗಳೇ ಆಗಿರಬಹುದು. ಅವತ್ತೇ ಬರೆದಿಟ್ಟ ಚೀಟಿ ಹುಡುಕಿ ಓದಿಕೊಂಡು ಹೋಗಿ. ಆಗಲೇ ಬರೆದದ್ದನ್ನು ನೋಡಿ ನೆನಪು ತಾಜಾ ಮಾಡಿಕೊಳ್ಳಲು ಕೋರ್ಟಿನಲ್ಲೂ ಅವಕಾಶ ಇದೆ. ಎದುರು ಪಾರ್ಟಿ ವಕೀಲರೂ ಅದನ್ನು ನೋಡಬಹುದು ಅನ್ನುವುದು ಗೊತ್ತಿರಲಿ.

ಮೂರು ಉತ್ತರಗಳನ್ನು ಒಂದಕ್ಕೊಂದು ಕಲಸಬೇಡಿ: ನೋಡಲಿಲ್ಲ, ಗೊತ್ತಿಲ್ಲ, ನೆನಪಿಲ್ಲ. ಹಿಂದೆ ಕೂತವನ ಮುಖ ನೋಡಲಿಲ್ಲ. ಬೈಕಿನ ಕಂಪನಿ ಗೊತ್ತಿಲ್ಲ. ಅವತ್ತು ಮಳೆ ಬಂದಿತ್ತಾ, ನೆನಪಿಲ್ಲ. ಪಾಟಿ ಸವಾಲಿನಲ್ಲಿ ಉತ್ತರ ಸೂಚಿಸುವ ಪ್ರಶ್ನೆ ಕೇಳುವುದಕ್ಕೆ ಕಾನೂನಿನಲ್ಲೇ ಅವಕಾಶ ಇದೆ, "ನೀವು ಅಲ್ಲಿ ಇರಲೇ ಇಲ್ಲ, ಪೊಲೀಸರು ಹೇಳಿಕೊಟ್ಟದ್ದು ಹೇಳುತ್ತಿದ್ದೀರಿ" ಅಂತ ಕೊನೆಗೆ ಕೇಳಿಯೇ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ, ಅದು ಅವರ ಕೆಲಸ. ದಾಖಲೆಯಲ್ಲಿ "ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಒಂದು ಸಾಲು ಬೀಳುತ್ತದೆ, ಅಷ್ಟೇ. ಅವರ ಮಾತಿನಲ್ಲಿ ಸತ್ಯ ಇದ್ದ ಕಡೆ ಒಪ್ಪಿಕೊಳ್ಳಿ. ಕತ್ತಲಿತ್ತು ಅಂದರೆ, ಹೌದು, ಕತ್ತಲಿತ್ತು.

ನೀವೇ ತೀರ್ಪು ಕೊಡಬೇಕಾದಾಗ

ನಮ್ಮ ದೇಶದಲ್ಲಿ ಜ್ಯೂರಿ ಈಗ ಇಲ್ಲ. 1959ರಲ್ಲಿ ಮುಂಬೈಯಲ್ಲಿ ನೌಕಾಪಡೆಯ ಕಮಾಂಡರ್ ನಾನಾವತಿ ಆರೋಪಿಯಾಗಿದ್ದ ಕೊಲೆ ಕೇಸಿನಲ್ಲಿ ಜ್ಯೂರಿ 8-1ರಲ್ಲಿ ನಿರ್ದೋಷಿ ಅಂದಿತು. ಸೆಷನ್ಸ್ ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆ ಆಯಿತು, 1961ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ಕೊನೆಯ ಜ್ಯೂರಿ ಕೇಸು ಅಂತ ಜನ ಹೇಳುವುದು ಸರಿಯಲ್ಲ, ಆಮೇಲೂ ಕೆಲವು ವರ್ಷ ನಡೆದಿತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಪೂರ್ತಿ ಹೋಯಿತು.

ಆದರೆ ಅಮೆರಿಕದಲ್ಲಿ ಪೌರತ್ವ ತೆಗೆದುಕೊಂಡ ಕನ್ನಡದವರಿಗೆ ಸಮನ್ಸ್ ಬರುತ್ತದೆ. ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಹೆಸರು ತೆಗೆಯುವುದರಿಂದ ಗ್ರೀನ್ ಕಾರ್ಡ್‌ನವರಿಗೂ ಕೆಲವೊಮ್ಮೆ ಬರುತ್ತದೆ. ಅವರು ಸುಮ್ನೆ ಎಸೆಯದೆ, ಪೌರ ಅಲ್ಲ ಅನ್ನುವ ಕಡೆ ಗುರುತು ಹಾಕಿ ವಾಪಸ್ ಕಳಿಸಬೇಕು. ಇಂಗ್ಲೆಂಡಿನದು ಇನ್ನೂ ತಮಾಷೆ. ಕಾಮನ್‌ವೆಲ್ತ್ ಲೆಕ್ಕದಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರೂ ಅಲ್ಲಿ ಮತದಾರರ ಪಟ್ಟಿಗೆ ಸೇರಬಹುದು. ಪಟ್ಟಿಯಲ್ಲಿದ್ದು, 18ರಿಂದ 75ರೊಳಗಿದ್ದು, 13 ತುಂಬಿದ ಮೇಲೆ ಐದು ವರ್ಷ ಅಲ್ಲಿ ವಾಸವಾಗಿದ್ದರೆ ಜ್ಯೂರಿಗೆ ಕರೆಯಬಹುದು.

ಕರೆ ಬಂದರೆ ಮೊದಲು ಇದನ್ನು ತಿಳಿದಿರಿ. 1974ರಲ್ಲಿ ಲಾಫ್ಟಸ್ ವಿದ್ಯಾರ್ಥಿಗಳಿಗೆ ಒಂದು ಕಿರಾಣಿ ಅಂಗಡಿ ದರೋಡೆ-ಕೊಲೆ ಕೇಸು ಕೊಟ್ಟು ತೀರ್ಪು ಹೇಳಲು ಕೇಳಿದರು. ಪ್ರತ್ಯಕ್ಷದರ್ಶಿ ಇಲ್ಲದಾಗ 18% ಜನ ತಪ್ಪಿತಸ್ಥ ಅಂದರು. ಒಬ್ಬ ಪ್ರತ್ಯಕ್ಷದರ್ಶಿಯನ್ನು ಸೇರಿಸಿದ ಕೂಡಲೇ 72%. ಆಮೇಲೆ ಇನ್ನೊಂದು ಗುಂಪಿಗೆ, ಆ ಸಾಕ್ಷಿ ಅವತ್ತು ಕನ್ನಡಕ ಹಾಕಿರಲಿಲ್ಲ, ಅವನಿಗೆ ಅಷ್ಟು ದೂರದ ಮುಖ ಕಾಣುವಂತೆಯೇ ಇರಲಿಲ್ಲ ಅಂತ ವಕೀಲರು ತೋರಿಸಿದ್ದನ್ನೂ ಹೇಳಿದರು. ಆಗಲೂ 68%. ನಮ್ಮವರ ಗಾದೆ "ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು" ಅನ್ನುತ್ತದೆ. ಇಲ್ಲಿ ಕಂಡವನಿಗೆ ಕಾಣುತ್ತಲೇ ಇರಲಿಲ್ಲ, ಆದರೂ ನಂಬಿದರು.

ಹಾಗಾಗಿ ಸಾಕ್ಷಿ ಎಷ್ಟು ಧೈರ್ಯವಾಗಿ ಹೇಳಿದ, ಅತ್ತನಾ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದನಾ ಅನ್ನುವುದನ್ನು ಬದಿಗಿಟ್ಟು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಬೆಳಕು ಎಷ್ಟಿತ್ತು, ದೂರ ಎಷ್ಟು, ಎಷ್ಟು ಹೊತ್ತು ಕಂಡ, ಆಯುಧ ಇತ್ತಾ, ಇಬ್ಬರೂ ಬೇರೆ ಬೇರೆ ಜನಾಂಗದವರಾ (ಬೇರೆ ಜನಾಂಗದ ಮುಖ ಗುರುತಿಸುವುದರಲ್ಲಿ ಎಲ್ಲರೂ ಸ್ವಲ್ಪ ಹಿಂದೆಯೇ), ಮೊದಲ ಸಲ ಗುರುತಿಸಿದಾಗ ಏನಂದಿದ್ದ. ನ್ಯೂಜೆರ್ಸಿಯಲ್ಲಿ 2011ರ ಹೆಂಡರ್ಸನ್ ತೀರ್ಪಿನ ಮೇಲೆ ಇಂಥ ವಿಷಯಗಳನ್ನು ಜಡ್ಜೇ ಜ್ಯೂರಿಗೆ ವಿವರಿಸುತ್ತಾರೆ. ಇಂಗ್ಲೆಂಡಿನಲ್ಲಿ 1976ರ ಟರ್ನ್‌ಬುಲ್ ತೀರ್ಪಿನಿಂದಲೇ ಅಂಥ ಎಚ್ಚರಿಕೆ ಇದೆ. ಆ ಭಾಗ ಬಂದಾಗ ನಿದ್ದೆ ಮಾಡಬೇಡಿ, ಎಲ್ಲಕ್ಕಿಂತ ಉಪಯೋಗದ್ದು ಅದೇ.

ಇನ್ನೊಂದು ತೊಡಕು ಕಥೆಯದು. ಜ್ಯೂರಿಯಲ್ಲಿ ಕೂತವರು ಸಾಕ್ಷ್ಯಗಳನ್ನು ಒಂದೊಂದಾಗಿ ತೂಗುವುದಿಲ್ಲ, ಅದನ್ನೆಲ್ಲ ಹೆಣೆದು ಒಂದು ಕಥೆ ಮಾಡಿಕೊಳ್ಳುತ್ತಾರೆ, ಆಮೇಲೆ ಕಥೆಗೆ ಹೊಂದುವುದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾರೆ ಅಂತ ನ್ಯಾನ್ಸಿ ಪೆನ್ನಿಂಗ್ಟನ್ ಮತ್ತು ರೀಡ್ ಹೇಸ್ಟಿ ತೋರಿಸಿದರು. ಕಥೆ ಬೇಡ ಅಂದರೆ ಮನಸ್ಸು ಕೇಳುವುದಿಲ್ಲ. ಬದಲಿಗೆ ಇನ್ನೊಂದು ಕಥೆ ಕಟ್ಟಿ ನೋಡಿ, ಆರೋಪಿ ನಿರಪರಾಧಿ ಅನ್ನುವ ಕಥೆ. ಅದಕ್ಕೆ ಎಷ್ಟು ಸಾಕ್ಷ್ಯ ಹೊಂದುತ್ತದೆ ಅಂತ ಎಣಿಸಿ.

ಜ್ಯೂರಿ ಕೋಣೆಯೊಳಗೆ ಹೋದ ಕೂಡಲೇ ಯಾರೋ ಒಬ್ಬರು "ಮೊದಲು ಕೈ ಎತ್ತಿಬಿಡೋಣ, ಎಷ್ಟು ಜನ ಯಾವ ಕಡೆ ನೋಡೋಣ" ಅನ್ನುತ್ತಾರೆ. ಬೇಡ ಅನ್ನಿ. ಹ್ಯಾರಿ ಕಾಲ್ವೆನ್ ಮತ್ತು ಹ್ಯಾನ್ಸ್ ಝೈಸೆಲ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ಮತದಲ್ಲಿ ಯಾವ ಕಡೆ ಬಹುಮತ ಇತ್ತೋ ಹತ್ತರಲ್ಲಿ ಸುಮಾರು ಒಂಬತ್ತು ಕೇಸುಗಳಲ್ಲಿ ಕೊನೆಯ ತೀರ್ಪೂ ಅದೇ ಆಗಿತ್ತು. ಒಮ್ಮೆ ಕೈ ಎತ್ತಿದ ಮೇಲೆ ಇಳಿಸುವುದು ಕಷ್ಟ, ಹನ್ನೊಂದು ಜನ ನಿಮ್ಮನ್ನೇ ನೋಡುತ್ತಿರುವಾಗ ಇನ್ನೂ ಕಷ್ಟ. ಮೊದಲು ಸಾಕ್ಷ್ಯ ಮಾತಾಡಿ, ಮತ ಆಮೇಲೆ. ಮನೆಗೆ ಹೋಗಿ ಗೂಗಲ್ ಮಾಡುವುದು, ಘಟನೆ ನಡೆದ ಜಾಗ ನೋಡಿ ಬರುವುದು, ಎರಡೂ ನಿಷಿದ್ಧ. ಇಂಗ್ಲೆಂಡಿನಲ್ಲಿ ಕೋಣೆಯೊಳಗಿನ ಮಾತನ್ನು ಕೇಸು ಮುಗಿದ ಮೇಲೂ ಹೆಂಡತಿಗೂ ಹೇಳುವಂತಿಲ್ಲ, ಅಪರಾಧ ಆಗುತ್ತದೆ.

ನ್ಯೂಜೆರ್ಸಿಯಲ್ಲಿರುವ ನಮ್ಮ ದೊಡ್ಡಮ್ಮನ ಮಗಳು ಅಕ್ಕನಿಗೆ ಅಂಥ ಕಟ್ಟು ಇಲ್ಲದ್ದರಿಂದ ಕೇಸು ಮುಗಿದ ಮೇಲೆ ನನಗೆ ಫೋನ್ ಮಾಡಿ ಹೇಳಿದಳು. ಒಳಗೆ ಇಬ್ಬರಿಗೆ ಜಗಳ ಹತ್ತಿತಂತೆ. ಸಾಕ್ಷಿ ಹೇಳಿದವಳು "ಅವನೇ" ಅಂದಳು ಅಂತ ಒಬ್ಬರು, ಹಾಗನ್ನಲಿಲ್ಲ ಅಂತ ಇನ್ನೊಬ್ಬರು. ಹನ್ನೆರಡೂ ಜನ ಅದೇ ಕೋಣೆಯಲ್ಲಿ ಕೂತು ಅದೇ ಮಾತು ಕೇಳಿಸಿಕೊಂಡು ಎರಡು ದಿನವೂ ಆಗಿರಲಿಲ್ಲ. ಅಕ್ಕ ಕೂಡ "ಅವನೇ ಅಂದಳು" ಅನ್ನುವ ಕಡೆಯವಳೇ. ಕೊನೆಗೆ ಒಂದು ಚೀಟಿ ಬರೆದು ಜಡ್ಜಿಗೆ ಕಳಿಸಿದರಂತೆ, ಆ ಭಾಗ ಓದಿ ಹೇಳಿ ಅಂತ. ಹಾಗೆ ಕೇಳುವುದಕ್ಕೆ ಅವಕಾಶ ಇದೆ, ನೀವೂ ಕೇಳಿ. ಮತ್ತೆ ಕೋರ್ಟಿಗೆ ಕರೆಸಿ ದಾಖಲೆಯಿಂದ ಆ ಸಾಲುಗಳನ್ನು ಓದಿಸಿದರು.

"ಏನಂದಿದ್ದಳು?" ಅಂತ ಕೇಳಿದೆ.

"ಅವನೇ ಇರಬೇಕು ಅಂದಿದ್ದಳು ಕಣೋ" ಅಂದಳು ಅಕ್ಕ.